ಹಿಟ್ಟಿನ ಪಕ್ಕದ ಬ್ಯಾಟರಿ

ಕಳೆದ ವಾರ ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಚೀಲದಿಂದ ಸಣ್ಣ ಬಾಟಲಿ ತೆಗೆದು, ಹತ್ತಿಯ ಮೇಲೆ ಸುರಿದುಕೊಂಡು, ಉಗುರಿನ ಬಣ್ಣ ಒರೆಸತೊಡಗಿದಳು. ಸಿಹಿಯಾದ, ಹಣ್ಣು ಕೊಳೆತಂಥ, ಮೂಗಿನ ಹಿಂಭಾಗಕ್ಕೆ ಹೋಗಿ ಅಂಟಿಕೊಳ್ಳುವ ವಾಸನೆ. ನಾನು ಎದ್ದು ಬಾಗಿಲ ಬಳಿ ನಿಂತೆ. ಮುಂದಿನ ನಿಲ್ದಾಣ ನನ್ನದಲ್ಲ, ಆದರೂ ಇಳಿದುಬಿಟ್ಟೆ. ಬೆಂಚಿನ ಮೇಲೆ ಮೂಗು ಮುಚ್ಚಿ ಬಗ್ಗಿ ಕೂತದ್ದನ್ನು ನೋಡಿ ಮುದುಕರೊಬ್ಬರು ನೀರು ಬೇಕೇ ಎಂದು ಕೇಳಿದರು. ಬೇಡ ಎಂದೆ. ಅವರಿಗೆ ಏನೆಂದು ಹೇಳುವುದು? ಉಗುರಿನ ಬಣ್ಣಕ್ಕೆ ಹೆದರಿದೆ ಎನ್ನುವುದೇ?

ಬಿಸಿ ಮಿತಿಮೀರಿದ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯುವ ಮೊದಲು ಹೆಚ್ಚೂಕಡಿಮೆ ಇದೇ ವಾಸನೆ ಬಿಡುತ್ತದೆ. ಇದನ್ನು ನಾನು ಓದಿ ತಿಳಿದದ್ದಲ್ಲ. ಕ್ಯಾಲಿಫೋರ್ನಿಯಾದ ಹೇವರ್ಡ್ ಊರಿನ ಒಂದು ಅಡುಗೆಮನೆಯಲ್ಲಿ, ಒಂದು ಶನಿವಾರದ ಮಧ್ಯಾಹ್ನ ಅದನ್ನು ಉಸಿರಾಡಿದ್ದೇನೆ. ಆ ಮನೆಯಲ್ಲಿ ನಾನಿದ್ದದ್ದು ಒಂದೇ ಚಳಿಗಾಲ. ಅದಕ್ಕೆ ಮುಂಚಿನ ವರ್ಷಗಳೂ ಆಮೇಲಿನವೂ ಒಂದರೊಳಗೊಂದು ಕಲೆತುಹೋಗಿವೆ. ಆ ಚಳಿಗಾಲ ಮಾತ್ರ ಬೇರೆಯಾಗಿ ನಿಂತಿದೆ.

ಅಕ್ಟೋಬರಿನ ಕೊನೆಗೆ ನಾನು ಮೌಂಟನ್ ವ್ಯೂ ಬಿಟ್ಟು ಹೇವರ್ಡಿಗೆ ಬಂದೆ. ಮದುವೆ ಮುರಿದಿತ್ತು. ಜಗಳವಾಡುವಷ್ಟು ಕೂಡ ಏನೂ ಉಳಿದಿರಲಿಲ್ಲ. ಕಾರು ಅವನಿಗೆ, ಕುಕ್ಕರು ನನಗೆ ಎಂಬಂತೆ ಸೌಜನ್ಯದಿಂದಲೇ ಬೇರೆಯಾದೆವು. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಮಾಡಿ, ವೀಸಾದ ದೆಸೆಯಿಂದ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದ ನನಗೆ ಹೇವರ್ಡಿನ ಗೋದಾಮುಗಳ ಸಾಲಿನ ಸಣ್ಣ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಿತ್ತು. ಡಬ್ಬಿಯ ಸಾರು, ಕತ್ತರಿಸಿದ ಸೊಪ್ಪು, ಚೀಸು ಬರುತ್ತಿದ್ದವು; ಅವುಗಳಲ್ಲಿ ಬೆಳೆಯಬಾರದ್ದು ಏನಾದರೂ ಬೆಳೆಯುತ್ತಿದೆಯೇ ಎಂದು ನೋಡಿ ಹೇಳುವುದು ನಮ್ಮ ಕೆಲಸ. ಬೆಳಗಿನ ಮೊದಲ ಪಾಳಿ ನನ್ನದು. ಅಷ್ಟು ಬೇಗ ಆ ಕಡೆಗೆ ಬಸ್ಸಿಲ್ಲ. ಕಾರು ಓಡಿಸುವ ಲೈಸೆನ್ಸಿತ್ತು, ಧೈರ್ಯವಿರಲಿಲ್ಲ. ಕಾರುಗಳು ಎಡೆಬಿಡದೆ ಓಡುವ ಫ್ರೀವೇಗೆ ಸೇರುವ ತಿರುವಿನಲ್ಲಿ ಪ್ರತಿಸಲವೂ ಬ್ರೇಕು ಒತ್ತಿಬಿಡುತ್ತಿದ್ದೆ. ಹಾಗಾಗಿ ಸಿಕ್ಕಿದ್ದರಲ್ಲಿ ಅಗ್ಗದ ಒಂದು ಎಲೆಕ್ಟ್ರಿಕ್ ಸೈಕಲ್ಲು ತರಿಸಿಕೊಂಡೆ.

ಬಾಡಿಗೆಗೆ ರೂಮು ಕೊಟ್ಟವರು ರತ್ನಕ್ಕ, ಹಾಸನದ ಕಡೆಯವರು. ಗಂಡ ರಾಜಣ್ಣ ದೊಡ್ಡ ಟ್ರಕ್ಕು ಓಡಿಸುತ್ತ ರಾಜ್ಯದಿಂದ ರಾಜ್ಯಕ್ಕೆ ಹೋಗುವವರು. ಮನೆಗೆ ಬರುವುದೇ ಅಪರೂಪ. ಮಗಳು ನಿಧಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಹೋಗುವವಳು. ಎರಡನೇ ಮಹಡಿಯ ಅಪಾರ್ಟ್‌ಮೆಂಟು. ಮುಂಬಾಗಿಲು ತೆರೆದ ಕೂಡಲೇ ಪಕ್ಕದಲ್ಲಿ ಅಡುಗೆಮನೆ, ಅದನ್ನು ದಾಟಿದರೆ ನಡುಮನೆ, ಮಲಗುವ ಕೋಣೆಗಳು. ಕೆಳಗೆ ಕಾರು ನಿಲ್ಲಿಸಲು ಮನೆಗೊಂದೇ ಜಾಗ, ಅದರ ಅರ್ಧಕ್ಕಷ್ಟೇ ತಗಡಿನ ಚಪ್ಪರ.

ರತ್ನಕ್ಕ ದೋಸೆಹಿಟ್ಟು ರುಬ್ಬಿ ಕೊಡುತ್ತಿದ್ದರು. ಫ್ರೀಮಾಂಟ್, ಮಿಲ್ಪಿಟಾಸ್ ಕಡೆಯ ಕನ್ನಡದವರ ಮನೆಗಳಿಗೆ ಪ್ರತಿ ಶನಿವಾರ ಅವರ ಹಿಟ್ಟು ಹೋಗಬೇಕು. ಇಲ್ಲಿಯ ಚಳಿಗೆ ಹಿಟ್ಟು ಹೊರಗಿಟ್ಟರೆ ಉಬ್ಬುವುದಿಲ್ಲ. ಅದಕ್ಕೆ ನಮ್ಮವರೆಲ್ಲ ಮಾಡುವ ಉಪಾಯವೆಂದರೆ, ಪಾತ್ರೆಯನ್ನು ಓವನ್ನಿನೊಳಗಿಟ್ಟು, ಬಿಸಿ ಹಚ್ಚದೆ, ಒಳಗಿನ ದೀಪವನ್ನಷ್ಟೇ ಹಾಕಿ ಬಾಗಿಲು ಮುಚ್ಚುವುದು. ಆ ಪುಟ್ಟ ಬಲ್ಬಿನ ಶಾಖಕ್ಕೆ ಬೆಳಗಾಗುವಷ್ಟರಲ್ಲಿ ಹಿಟ್ಟು ಉಕ್ಕಿಬಂದಿರುತ್ತದೆ. ಒಳಗಿರುವ ಪಾತ್ರೆ ಮರೆತು ಯಾರೋ ಓವನ್ ಹಚ್ಚಿ ಹಿಟ್ಟನ್ನು ಪಾತ್ರೆಸಮೇತ ಬೇಯಿಸಿದ ಕಥೆಯೂ ಎಲ್ಲ ಮನೆಯಲ್ಲಿ ಒಂದೊಂದಿರುತ್ತದೆ. ರತ್ನಕ್ಕನ ಮನೆಯಲ್ಲೂ ಆಗಿತ್ತಂತೆ. ಅಂದಿನಿಂದ ಅವರೊಂದು ಪದ್ಧತಿ ಮಾಡಿದ್ದರು. ಹಿಟ್ಟು ಒಳಗಿಟ್ಟ ಕೂಡಲೇ ಎಡಗೈಯ ಬಳೆಯೊಂದನ್ನು ತೆಗೆದು ಓವನ್ ಹಚ್ಚುವ ತಿರುಪಿಗೆ ಸಿಕ್ಕಿಸುವುದು. ಹಿಟ್ಟು ಹೊರಗೆ ಬಂದರೆ ಬಳೆ ಕೈಗೆ. ತಿರುಪಿನ ಮೇಲೆ ಬಳೆಯಿದ್ದರೆ ಓವನ್ ಮುಟ್ಟಬಾರದು ಎಂಬುದು ನಿಧಿಗೆ ಚಿಕ್ಕಂದಿನಿಂದ ಗೊತ್ತು. ಮೊದಲ ದಿನವೇ ನನಗೂ ಹೇಳಿಕೊಟ್ಟರು.

ಅಷ್ಟು ಬಿಟ್ಟರೆ ಮೊದಲ ತಿಂಗಳು ಅವರಿಗೂ ನನಗೂ ಮಾತು ಕಡಿಮೆ. ಅವರ ಅಡುಗೆ ಮುಗಿದ ಮೇಲೆ ನಾನು ಒಳಗೆ ಹೋಗಿ ಅನ್ನ ಮಾಡಿಕೊಂಡು, ತಟ್ಟೆ ಹಿಡಿದು ರೂಮಿಗೆ ಬಂದು, ಹಾಸಿಗೆಯ ಮೇಲೆ ಕೂತು ಉಣ್ಣುತ್ತಿದ್ದೆ. ಗೋಡೆಯಾಚೆ ಅಮ್ಮ ಮಗಳ ವಾದ ಕೇಳುತ್ತಿತ್ತು. ಚಮಚ ತಟ್ಟೆಗೆ ತಗಲಿದ ಸದ್ದು ಅವರಿಗೆ ಕೇಳಿಸೀತೆಂದು ಕೈಯಲ್ಲಿ ಉಣ್ಣುತ್ತಿದ್ದೆ. ಒಪ್ಪಂದ ಏಪ್ರಿಲ್‌ವರೆಗೆ ಮಾತ್ರ. ಆಮೇಲೆ ಎಲ್ಲಿ ಎಂದು ಯೋಚಿಸುತ್ತಿರಲಿಲ್ಲ.

ಸೈಕಲ್ಲು ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ರತ್ನಕ್ಕ ಕಾರು ತೆಗೆದುಕೊಂಡು ಹೋದಾಗ ಖಾಲಿಯಾಗುವ ಚಪ್ಪರದ ಜಾಗದಲ್ಲಿ, ವೀಡಿಯೊ ನೋಡುತ್ತ ನಾನೇ ಜೋಡಿಸಿದೆ. ಅಗ್ಗದ ಸೈಕಲ್ಲಿನ ಗುಣವೆಂದರೆ ಅದು ಮಾರಿದವರ ಕಡೆಯಿಂದ ಪೂರ್ತಿಯಾಗಿ ಬಂದಿರುವುದಿಲ್ಲ; ಉಳಿದದ್ದನ್ನು ಕೊಂಡವರು ಮುಗಿಸಿಕೊಳ್ಳಬೇಕು. ವಾರಕ್ಕೊಮ್ಮೆ ನಟ್ಟುಗಳು ತಾವಾಗಿ ಸಡಿಲವಾಗುತ್ತಿದ್ದವು. ಬ್ರೇಕಿನ ತಂತಿ ಹಿಗ್ಗುತ್ತಿತ್ತು. ಊರಂಚಿನ ಸಮುದ್ರದ ಕೊಲ್ಲಿಯ ಉಪ್ಪುಗಾಳಿಗೆ ಚೈನು ಕೆಂಪಾಗುತ್ತಿತ್ತು. ಮೋಟರಿಗೆ ಹೋಗುವ ವೈರುಗಳು ಕೂಡುವ ಕಡೆ ಮಂಜಿನ ನೀರು ಇಳಿದು ಒಂದು ದಿನ ಎಲ್ಲ ಸ್ತಬ್ಧ. ಅವನ್ನು ಬಿಚ್ಚಿ ಒಣಗಿಸಿ, ನೀರು ತಡೆಯುವ ಗ್ರೀಸು ತುಂಬಿ ಮತ್ತೆ ಕೂಡಿಸಿದೆ. ಮಡ್‌ಗಾರ್ಡು ಹಾಕಿದೆ. ರೈಲು ಹಳಿ ದಾಟುವಲ್ಲಿ ಒದ್ದೆ ಕಬ್ಬಿಣದ ಮೇಲೆ ಜಾರದಿರಲಿ ಎಂದು ಟಯರಿನ ಗಾಳಿ ಸ್ವಲ್ಪ ಇಳಿಸಿದೆ. ನನ್ನ ಬದುಕಿನಲ್ಲಿ ಆಗ ನಾನು ಸರಿಮಾಡಬಹುದಾದ ವಸ್ತು ಅದೊಂದೇ ಇತ್ತು.

ಕ್ಯಾಲಿಫೋರ್ನಿಯಾದಲ್ಲಿ ಚಳಿಯೇ ಇಲ್ಲ ಎನ್ನುವವರು ಡಿಸೆಂಬರಿನ ನಸುಕಿನಲ್ಲಿ ಸೈಕಲ್ಲು ತುಳಿದು ಕೊಲ್ಲಿಯ ಕಡೆಗೆ ಹೋಗಿ ನೋಡಬೇಕು. ಹಿಮ ಬೀಳುವುದಿಲ್ಲ, ನಿಜ. ಆದರೆ ಕಾರುಗಳ ಮಾಡಿನ ಮೇಲೆ ಬಿಳಿ ಪುಡಿ ಕೂತಿರುತ್ತದೆ, ಮಂಜು ಕನ್ನಡಕದ ಮೇಲೆ ಹನಿಗಟ್ಟುತ್ತದೆ, ನಿಂತಲ್ಲಿ ಚಳಿಯಲ್ಲದ ಗಾಳಿ ವೇಗಕ್ಕೆ ಸೂಜಿಯಾಗುತ್ತದೆ. ಹಾದಿಯಲ್ಲಿ ನಾನು, ಲೋಡಿಂಗ್ ಬಾಗಿಲುಗಳ ಮೇಲಿನ ಹಳದಿ ದೀಪಗಳು, ಹುಲ್ಲಿನ ಮೇಲೆ ಕತ್ತು ಒಳಗೆಳೆದು ಕೂತ ಹೆಬ್ಬಾತುಗಳು, ಅಷ್ಟೇ. ಕೆಲಸದಲ್ಲೂ ಎಲ್ಲರ ಬಾಯಿಗೆ ಮಾಸ್ಕು. ಎಷ್ಟೋ ದಿನ ರೂಮಿಗೆ ಮರಳಿದಾಗ, ಇವತ್ತು ಒಂದು ಪೂರ್ಣ ವಾಕ್ಯ ಮಾತಾಡಿಲ್ಲ ಎಂದು ಹೊಳೆಯುತ್ತಿತ್ತು.

ಬ್ಯಾಟರಿಗೂ ಚಳಿಯಾಗುತ್ತದೆ ಎಂದು ಗೊತ್ತಾದದ್ದು ಒಂದು ಸೋಮವಾರ. ಭಾನುವಾರ ಅದನ್ನು ಸೈಕಲ್ಲಿನಲ್ಲೇ, ಹೊರಗೆ ಚಪ್ಪರದಡಿ ಬಿಟ್ಟಿದ್ದೆ. ಬೆಳಿಗ್ಗೆ ಫ್ರೀವೇ ಮೇಲಿನ ಸೇತುವೆ ಹತ್ತುವಾಗ ಹ್ಯಾಂಡಲಿನ ಪುಟ್ಟ ಪರದೆಯ ಮೇಲಿನ ಚಾರ್ಜಿನ ಗೆರೆಗಳು ಒಂದೊಂದಾಗಿ ಇಳಿದು, ಕಣ್ಣು ಮಿಟುಕಿಸಿ, ಆರಿಹೋದವು. ಪೂರ್ತಿ ತುಂಬಿಸಿದ್ದ ಬ್ಯಾಟರಿ. ಮೋಟರು ಸತ್ತರೆ ಆ ಸೈಕಲ್ಲು ಒಂದು ಮೂಟೆ ಅಕ್ಕಿ. ಕೆಳಗೆ ಕಾರುಗಳ ನದಿ ಹರಿಯುತ್ತಿತ್ತು, ಮೇಲೆ ನಾನು ತಳ್ಳುತ್ತಿದ್ದೆ. ಮನೆಯೇ ಹತ್ತಿರವಿದ್ದದ್ದರಿಂದ ಹಿಂದಿರುಗಿದೆ. ಬೆರಳು ಮಡಚದೆ ಬೀಗದ ಕೈ ತಿರುಗಿಸಲಾಗಲಿಲ್ಲ. ಬಾಗಿಲು ಬಡಿದೆ.

"ಏನೇ ಇದು, ಕೈಯೆಲ್ಲ ಹಿಂಗಾಗಿದೆ? ಐಸ್ ಮಾರಕ್ಕೆ ಹೋಗಿದ್ಯಾ?" ಎಂದರು ರತ್ನಕ್ಕ.

"ಬ್ಯಾಟರಿ ಕೈಕೊಡ್ತು ರತ್ನಕ್ಕ. ಸೇತುವೆಯಿಂದ ತಳ್ಕೊಂಡ್ ಬಂದೆ."

"ಗ್ಲೌಸು ಹಾಕ್ಕೊಂಡಿರ್ಲಿಲ್ವಾ?"

"ಹಾಕ್ಕೊಂಡಿದ್ದೆ. ಗಾಳಿ ಒಳಗೇ ನುಗ್ಗತ್ತೆ."

"ಇಷ್ಟು ಕಾರಿರೋ ದೇಶದಲ್ಲಿ ಸೈಕಲ್ ತಳ್ಕೊಂಡ್ ಬರೋಳು ನೀನೊಬ್ಳೇ ನೋಡು. ಗಂಡನ್ನ ಬಿಟ್ಟು ಬಂದು ಈ ಕಬ್ಬಿಣಾನ ಕಟ್ಕೊಂಡಿದೀಯಾ! ಬಾ, ಒಲೆ ಹತ್ರ ನಿಂತ್ಕೋ."

ನಾನು ಬೇರೆಯಾದ ವಿಷಯವನ್ನು ಅಷ್ಟು ಸಲೀಸಾಗಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರೂ ಅದನ್ನು ಕಾಯಿಲೆಯಂತೆ ಸುತ್ತಿ ಹೋಗುತ್ತಿದ್ದರು. ಒಲೆಯ ಮುಂದೆ ಕೈ ಚಾಚಿ ನಿಂತು ನಾನು ನಕ್ಕೆ, ನಗುತ್ತ ನಗುತ್ತ ಅತ್ತೆ. ಅವರು ಕಾಫಿ ಬೆರೆಸಿದರು.

ಆ ವಾರಾಂತ್ಯ ರತ್ನಕ್ಕ ರಾಜಣ್ಣನ ಹಳೆಯ ಹತ್ತಿ ತುಂಬಿದ ಜಾಕೆಟ್ಟು ಕತ್ತರಿಸಿ, ಹ್ಯಾಂಡಲಿನ ಎರಡು ಕಡೆಗೂ ಅಗಲ ಬಾಯಿಯ ಚೀಲ ಹೊಲಿದರು. ಒಳಗೆ ಕೈ ತೂರಿಸಿದರೆ ಬ್ರೇಕೂ ಸಿಗಬೇಕು, ಗಾಳಿಯೂ ಬರಬಾರದು. ಮೊದಲನೆಯದು ಬಿಗಿಯಾಯಿತು, ಬಿಚ್ಚಿ ಮತ್ತೆ ಹೊಲಿದರು. ಕಟ್ಟಿ ನಿಲ್ಲಿಸಿದಾಗ ಕಸ ಹಾಕಲು ಕೆಳಗೆ ಬಂದ ನಿಧಿ ನಿಂತು ನೋಡಿದಳು.

"ಆಂಟಿ, ಇಟ್ ಲುಕ್ಸ್ ಲೈಕ್ ಎ ಕೌ."

ನಿಜಕ್ಕೂ ಎರಡು ಜೋಲುಗಿವಿಯ ಹಸುವಿನ ಹಾಗೇ ಇತ್ತು. ರತ್ನಕ್ಕ ಅದಕ್ಕೆ ಗೌರಿ ಎಂದು ಹೆಸರಿಟ್ಟರು. ಬ್ಯಾಟರಿಗೂ ಒಂದು ಅಂಗಿಯಾಯಿತು. ತಣ್ಣೀರಿನಲ್ಲಿ ಈಜುವವರು ತೊಡುವ ದಪ್ಪ ರಬ್ಬರಿನ ಉಡುಪೊಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತ್ತು. ಅದರ ಕಾಲು ಕತ್ತರಿಸಿ ಬ್ಯಾಟರಿಗೆ ತೊಡಿಸಿದೆವು. ಕಪ್ಪು ಬ್ಯಾಟರಿ, ಕಪ್ಪು ಅಂಗಿ.

"ರಾತ್ರಿ ಇದು ಎಲ್ಲಿ ಮಲಗತ್ತೆ?" ಎಂದು ರತ್ನಕ್ಕ ಕೇಳಿದರು.

"ಇನ್ಮೇಲೆ ನನ್ನ ರೂಮಲ್ಲೇ."

"ನಿನ್ನ ರೂಮೇ ಫ್ರಿಜ್ ಆಗಿದೆ. ಹಿಟ್ಟಿನ ಪಕ್ಕ ಮಲಗ್ಲಿ ಬಿಡು. ಅದಕ್ಕೂ ಬೆಚ್ಚಗಾಗತ್ತೆ, ಇದಕ್ಕೂ ಬೆಚ್ಚಗಾಗತ್ತೆ."

ಅವರಿಗೆ ಅದು ತಮಾಷೆಯಾಗಿರಲಿಲ್ಲ. ಬೆಚ್ಚಗಿರಬೇಕಾದ್ದೆಲ್ಲ ಆ ಮನೆಯಲ್ಲಿ ಹೋಗುತ್ತಿದ್ದದ್ದು ಅಲ್ಲಿಗೇ. ಮೊಸರಿನ ಪಾತ್ರೆ, ಮೊಳಕೆ ಕಟ್ಟಿದ ಹೆಸರುಕಾಳು, ಎಲ್ಲ. ನಾನು ಥರ್ಮಾಮೀಟರು ಇಟ್ಟು ನೋಡಿದೆ. ದೀಪದ ಶಾಖಕ್ಕೆ ಒಳಗೆ ಮೈಸೂರಿನ ಬೇಸಿಗೆಯ ಮಧ್ಯಾಹ್ನದಷ್ಟು ಬಿಸಿ. ಬ್ಯಾಟರಿಗೆ ಅಪಾಯವೇನಿಲ್ಲ. ಚಾರ್ಜು ಮಾಡುವುದು ಸಂಜೆ, ರೂಮಿನಲ್ಲಿ. ಮಲಗುವ ಮುಂಚೆ ಅಂಗಿ ತೊಡಿಸಿ ಓವನ್ನಿನ ಕೆಳಗಿನ ಹಂತದಲ್ಲಿ ಮಲಗಿಸುವುದು. ಮೇಲಿನ ಹಂತದಲ್ಲಿ ಹಿಟ್ಟು. ತಿರುಪಿನ ಮೇಲೆ ಬಳೆ. ಬೆಳಿಗ್ಗೆ ತೆಗೆದರೆ ಮಗುವಿನ ಮೈಯಂತೆ ಬೆಚ್ಚಗಿರುತ್ತಿತ್ತು. ಸೇತುವೆಯ ಮೇಲೆ ಗೌರಿ ಆಮೇಲೆ ಒಮ್ಮೆಯೂ ನಿಲ್ಲಲಿಲ್ಲ.

ಬ್ಯಾಟರಿ ತೆಗೆಯಲು ನಾನು ಬೆಳಿಗ್ಗೆ ಅಡುಗೆಮನೆಗೆ ಹೋಗಲೇಬೇಕಿತ್ತು. ರತ್ನಕ್ಕ ಅಷ್ಟರಲ್ಲಿ ಎದ್ದು ಅಕ್ಕಿ ತೊಳೆಯುತ್ತಿರುತ್ತಿದ್ದರು. ಕಾಫಿ ಕೈಗೆ ಬರುತ್ತಿತ್ತು. ಮೊದಲು ನಿಂತು ಕುಡಿದೆ, ಆಮೇಲೆ ಕೂತು. ಜನವರಿಯ ಹೊತ್ತಿಗೆ ಅಲಾರಮ್ಮಿಗಿಂತ ಮುಂಚೆ ಎಚ್ಚರವಾಗುತ್ತಿತ್ತು. ಟ್ರಕ್ಕಿನಲ್ಲಿ ರಾಜಣ್ಣ ಏನು ತಿನ್ನುತ್ತಾರೋ ಎಂಬ ಚಿಂತೆ, ನಿಧಿ ಕಾಲೇಜಿಗೆ ದೂರ ಹೋಗಿಬಿಡುತ್ತಾಳೆ ಎಂಬ ಭಯ, ಮಿಲ್ಪಿಟಾಸಿನವರೊಬ್ಬರು ಹಿಟ್ಟಿಗೆ ಸೋಡಾ ಹಾಕುತ್ತೀರಾ ಎಂದು ಕೇಳಿದ ಸಿಟ್ಟು, ಎಲ್ಲ ಆ ಹೊತ್ತಿನಲ್ಲಿ ಹೊರಬರುತ್ತಿತ್ತು. ನಾನೂ ಮಾತಾಡುತ್ತಿದ್ದೆ. ಹಿಟ್ಟು ಉಬ್ಬಿಸುವ ಜೀವಾಣುಗಳ ಹೆಸರು ಹೇಳಿದಾಗ ಅವರು, "ನನ್ನ ಹಿಟ್ಟಲ್ಲಿ ಹುಳ ಇದೆ ಅಂತ ಯಾರ್ ಹತ್ರಾನೂ ಹೇಳ್ಬೇಡ ತಾಯಿ, ವ್ಯಾಪಾರ ಮುಳುಗತ್ತೆ" ಎಂದು ಕೈಮುಗಿದರು.

ಫೆಬ್ರುವರಿಯ ಮೊದಲಲ್ಲಿ ಒಂದು ದಿನ ಲೋಟ ತೊಳೆಯುತ್ತ, ನನ್ನ ಕಡೆ ನೋಡದೆ ಕೇಳಿದರು.

"ಏಪ್ರಿಲ್ ಆದ್ಮೇಲೂ ಇರ್ತೀಯಲ್ವಾ?"

"ಇರಬಹುದಾ?"

"ಇರಬಹುದಾ ಅಂತೆ! ನಿಧಿ ಹೋದ್ಮೇಲೆ ಈ ಮನೇಲಿ ನಾನು ಗೋಡೆ ಜೊತೆ ಮಾತಾಡ್ಲಾ?"

ಆ ದಿನ ಸೈಕಲ್ಲಿನ ಮೇಲೆ ಹಾಡಿಕೊಂಡು ಹೋದೆ. ಹೆಬ್ಬಾತುಗಳು ತಲೆಯೆತ್ತಿ ನೋಡಿದವು. ಮೌಂಟನ್ ವ್ಯೂನಲ್ಲಿ ವರ್ಷಗಟ್ಟಲೆ ಇದ್ದ ಮನೆಯಲ್ಲಿ ಇಲ್ಲದಿದ್ದ ಒಂದು ಕುರ್ಚಿ ನನಗೆ ಈ ಅಡುಗೆಮನೆಯಲ್ಲಿ ಸಿಕ್ಕಿತ್ತು. ಅದು ಕೈತಪ್ಪದಿದ್ದರೆ ಸಾಕು, ಬೇರೇನೂ ಬೇಡ ಎನಿಸಿತ್ತು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಶನಿವಾರ. ನನಗೆ ರಜೆ, ಹಾಗಾಗಿ ಬ್ಯಾಟರಿ ತೆಗೆಯುವ ಕೆಲಸವಿಲ್ಲ. ರತ್ನಕ್ಕ ಬೆಳಿಗ್ಗೆ ಹಿಟ್ಟಿನ ಪಾತ್ರೆಗಳನ್ನು ಓವನ್ನಿನಿಂದ ತೆಗೆದು, ವರ್ಷಗಳ ಅಭ್ಯಾಸದಂತೆ ಬಳೆಯನ್ನು ಕೈಗೇರಿಸಿ, ದೀಪ ಆರಿಸಿ, ಕಾರಿನಲ್ಲಿ ಮಿಲ್ಪಿಟಾಸಿಗೆ ಹೋದರು. ಬಳೆ ಇದ್ದದ್ದು ಹಿಟ್ಟಿಗಾಗಿ. ಬ್ಯಾಟರಿಗೆಂದು ಬೇರೆ ಬಳೆ ಇರಲಿಲ್ಲ. ಅದು ಕೆಳಗಿನ ಹಂತದಲ್ಲಿ, ಕಪ್ಪು ಓವನ್ನಿನ ಕತ್ತಲಲ್ಲಿ, ಕಪ್ಪು ಅಂಗಿ ತೊಟ್ಟು ಮಲಗಿತ್ತು.

ನಾನು ತಡವಾಗಿ ಎದ್ದು, ಉಪ್ಪಿಟ್ಟು ತಿಂದು, ಸ್ಪ್ಯಾನರು ಎಣ್ಣೆ ಹಿಡಿದು ಕೆಳಗೆ ಹೋದೆ. ಕಾರು ಹೋಗಿ ಖಾಲಿಯಾಗಿದ್ದ ಜಾಗದಲ್ಲಿ, ಚಪ್ಪರವಿಲ್ಲದ ಅರ್ಧದಲ್ಲಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದೆ. ಮಳೆ ಬಂದು ಹೋಗಿ ಬಿಸಿಲು ಬಿದ್ದಿತ್ತು, ಗಾಳಿ ಮಾತ್ರ ತಣ್ಣಗೆ. ಕಿರುಚುತ್ತಿದ್ದ ಬ್ರೇಕಿನ ಬಿಲ್ಲೆಗಳನ್ನು ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಕೂಡಿಸಿದೆ. ಅಡುಗೆಮನೆಯ ಕಿಟಕಿ ನನ್ನ ತಲೆಯ ಮೇಲೇ ತೆರೆದಿತ್ತು. ಪಾತ್ರೆಯಲ್ಲಿ ಏನೋ ಕಲಸುವ ಸದ್ದು ಬರುತ್ತಿತ್ತು; ನಿಧಿ ಎದ್ದಿದ್ದಾಳೆ ಅಂದುಕೊಂಡೆ. ಅವಳು ಗೆಳತಿಯ ಹುಟ್ಟುಹಬ್ಬಕ್ಕೆ ಕೇಕು ಮಾಡುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಆಮೇಲೆ. ಅವಳು ತಿರುಪು ನೋಡಿದ್ದಳು. ಬಳೆ ಇರಲಿಲ್ಲ. ಓವನ್ ಹಚ್ಚಿದ್ದಳು.

ಚೈನಿಗೆ ಎಣ್ಣೆ ಬಿಡುತ್ತ ಹಿಂದಿನ ಗಾಲಿಯನ್ನು ಜೋರಾಗಿ ತಿರುಗಿಸಿದೆ. ಸುಟ್ಟ ರಬ್ಬರಿನ ವಾಸನೆ ಬಂತು. ಬ್ರೇಕಿನದಿರಬೇಕೆಂದು ನನ್ನ ಬೆರಳುಗಳನ್ನೇ ಮೂಸಿ ನೋಡಿದೆ. ಎಣ್ಣೆಯ ವಾಸನೆ ಮಾತ್ರ. ಆಗ ಮೇಲಿನಿಂದ ಆ ಸಿಹಿ ವಾಸನೆ ಇಳಿದುಬಂತು. ಅದೇನೆಂದು ತಿಳಿಯುವ ಮೊದಲೇ ನಾನು ಮೆಟ್ಟಿಲು ಹತ್ತುತ್ತಿದ್ದೆ.

ಬಾಗಿಲು ನೂಕಿದಾಗ ನಿಧಿ ಕಿವಿಯ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು, ಬಟ್ಟೆ ಹಿಡಿದ ಕೈಯನ್ನು ಓವನ್ನಿನ ಹಿಡಿಗೆ ಚಾಚಿದ್ದಳು. ಬಾಗಿಲ ಸಂದಿನಿಂದ ಬೂದುಬಣ್ಣದ ಹೊಗೆ ಎಳೆಯಾಗಿ ಬರುತ್ತಿತ್ತು.

"ತೆಗೀಬೇಡ! ನಿಧಿ, ತೆಗೀಬೇಡ!"

ಅವಳ ಕೈ ಗಾಳಿಯಲ್ಲೇ ನಿಂತಿತು. ಒಳಗಿನಿಂದ ಒಗ್ಗರಣೆಯ ಸಾಸಿವೆ ಸಿಡಿಯುವಂಥ ಸದ್ದು. ನಾನು ತಿರುಪು ತಿರುಗಿಸಿ ಆರಿಸಿದೆ. ಸದ್ದು ನಿಲ್ಲಲಿಲ್ಲ. ಬ್ಯಾಟರಿಗೆ ಇನ್ನು ನಮ್ಮ ಬೆಂಕಿ ಬೇಕಿರಲಿಲ್ಲ, ತನ್ನದೇ ಶುರುವಾಗಿತ್ತು.

"ಬಳೆ ಇರ್ಲಿಲ್ಲ ಆಂಟಿ! ಬಳೆ ಇರ್ಲಿಲ್ಲ!"

ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ತೋಳು ಹಿಡಿದು ಎಳೆದೆ. ಹೊಸ್ತಿಲು ದಾಟುವಾಗ ಹಿಂದೆ ಪಟಾಕಿ ಸರ ಹೊತ್ತಿಸಿದಂತಾಯಿತು, ಗಾಜು ಒಡೆಯಿತು, ಬೆನ್ನಿಗೆ ಬಿಸಿ ಬಡಿಯಿತು. ಹೊರಗಿನ ಮೊಗಸಾಲೆಗೆ ಬಂದೆವು. ಅಷ್ಟಕ್ಕೆ ಮುಗಿದಿದ್ದರೆ ನಾನು ಇಷ್ಟು ಸಲ ಅಲ್ಲಿಗೆ ಹಿಂದಿರುಗುತ್ತಿರಲಿಲ್ಲ.

"ಅಮ್ಮ! ಅಮ್ಮ ಈಸ್ ಇನ್‌ಸೈಡ್!" ಎಂದು ನಿಧಿ ಕಿರುಚಿದಳು.

ತಡವಾಗಿ ಎದ್ದವಳು, ಅಮ್ಮ ಹೋದದ್ದನ್ನು ನೋಡಿರಲಿಲ್ಲ. ರತ್ನಕ್ಕನ ಕೋಣೆಯ ಬಾಗಿಲು ಮುಚ್ಚಿತ್ತು. ನನಗೆ ಗೊತ್ತಿರಬೇಕಿತ್ತು. ಅಲ್ಲಿಯವರೆಗೆ ನಾನು ಕೂತಿದ್ದದ್ದೇ ಅವರ ಕಾರಿನ ಖಾಲಿ ಜಾಗದಲ್ಲಿ. ಆದರೆ ಆ ಕ್ಷಣಕ್ಕೆ ತಲೆಯೊಳಗೆ ಏನೂ ಇರಲಿಲ್ಲ. ಹೋದರೇ? ಬಂದರೇ? ನೆನಪೇ ಇಲ್ಲ. ನಾನು ಬಗ್ಗಿ ಒಳಗೆ ಕಾಲಿಟ್ಟು "ರತ್ನಕ್ಕಾ" ಎಂದು ಕೂಗಿದೆ. ಹೊಗೆ ಎದೆಯ ಮಟ್ಟಕ್ಕೆ ಇಳಿದಿತ್ತು. ಕೋಣೆಗಳಿಗೆ ಹೋಗುವ ದಾರಿ ಅಡುಗೆಮನೆಯ ಮುಂದೆಯೇ. ಇನ್ನೊಂದು ಸಿಡಿತಕ್ಕೆ ಬೆಂಕಿ ನಾಲಗೆ ಚಾಚಿ ಆ ದಾರಿಗೆ ಅಡ್ಡಬಂತು. ಹಿಂದೆ ಸರಿದೆ. ನಿಧಿ ನನ್ನನ್ನು ನೂಕಿ ಒಳನುಗ್ಗಲು ನೋಡಿದಳು. ಅವಳು ನನಗಿಂತ ಎತ್ತರ. ಸೊಂಟಕ್ಕೆ ಕೈಹಾಕಿ ಹಿಡಿದೆ, ಇಬ್ಬರೂ ಮೊಗಸಾಲೆಯ ಕಟಕಟೆಯ ಮೇಲೆ ಬಿದ್ದೆವು.

ಕಂಬಿಗಳ ನಡುವಿನಿಂದ ಕೆಳಗೆ ಕಂಡಿತು. ಕಾರು ನಿಲ್ಲಬೇಕಾದ ಜಾಗದಲ್ಲಿ ನನ್ನ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಹಿಂದಿನ ಗಾಲಿ ಇನ್ನೂ ಮೆಲ್ಲಗೆ ತಿರುಗುತ್ತಲೇ ಇತ್ತು.

"ಕಾರಿಲ್ಲ ನಿಧಿ! ಕೆಳಗೆ ನೋಡು, ಕಾರಿಲ್ಲ! ಅಮ್ಮ ಮನೇಲಿ ಇಲ್ಲ!"

ಅವಳು ನೋಡಿದಳು. ಮೈಯ ಬಿಗಿ ಒಮ್ಮೆಲೇ ಸಡಿಲವಾಗಿ ನನ್ನ ಮೇಲೆ ಕುಸಿದಳು.

ಅಗ್ನಿಶಾಮಕದವರು ಬೇಗ ಬಂದರು. ಅಕ್ಕಪಕ್ಕದವರನ್ನೆಲ್ಲ ಆಚೆ ಕಳಿಸಿದರು. ಉರಿದುಳಿದ ಬ್ಯಾಟರಿಯನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ತಂದು ನೀರಿನ ತೊಟ್ಟಿಗೆ ಹಾಕಿದರು; ಅಲ್ಲೂ ಅದು ಬುಸುಗುಡುತ್ತಿತ್ತು. ರತ್ನಕ್ಕ ಬಂದದ್ದು ಆ ಹೊತ್ತಿಗೆ. ಕಾರನ್ನು ರಸ್ತೆಯ ನಡುವೆ ಬಿಟ್ಟು, ಖಾಲಿ ಪಾತ್ರೆಯೊಂದನ್ನು ಯಾಕೋ ಕೈಯಲ್ಲೇ ಹಿಡಿದು ಓಡಿಬಂದರು. ಮಗಳನ್ನು ಕಂಡ ಕೂಡಲೇ ಬೆನ್ನಿಗೆ ಎರಡು ಗುದ್ದಿ ಅಪ್ಪಿಕೊಂಡರು. ಇನ್ನೊಂದು ಕೈಯಿಂದ ನನ್ನನ್ನೂ ಎಳೆದುಕೊಂಡರು. ಮೂವರ ಮೈಯಿಂದಲೂ ಸುಟ್ಟ ಪ್ಲಾಸ್ಟಿಕ್ಕಿನ ನಾತ.

ಯಾರಿಗೂ ಏನೂ ಆಗಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಹೌದು. ನಿಧಿಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಿ ಸಂಜೆಗೆ ಕಳಿಸಿದರು. ಆದರೆ ನಾನು ಇವತ್ತಿಗೂ ಆ ಕಟಕಟೆಯ ಹತ್ತಿರವೇ ಇದ್ದೇನೆ. ಕಾರು ಕೆಳಗಿದ್ದಿದ್ದರೆ ಏನು ಮಾಡುತ್ತಿದ್ದೆ? ನೆನಪಿನಲ್ಲಿ ಕೆಲವು ಸಲ ಒಳಗೆ ಹೋಗುತ್ತೇನೆ, ಕೆಲವು ಸಲ ಹೋಗುವುದಿಲ್ಲ. ಕೆಲವು ಸಲ ನಿಧಿ ನನ್ನ ಕೈ ತಪ್ಪಿಸಿಕೊಳ್ಳುತ್ತಾಳೆ. ಸೇತುವೆ ಹತ್ತುವಾಗ, ಪ್ರಯೋಗಾಲಯದಲ್ಲಿ ಜೀವಾಣು ಬೆಳೆಸುವ ತಟ್ಟೆಗಳ ಮೇಲೆ ಬಗ್ಗಿದಾಗ, ಯಾವ ಮುನ್ಸೂಚನೆಯೂ ಇಲ್ಲದೆ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕಟ್ಟಡದ ಮಾಲೀಕರು ಮನೆ ಖಾಲಿ ಮಾಡಿಸಿದರು. ರಾಜಣ್ಣ ಎಲ್ಲೋ ಮರುಭೂಮಿಯ ನಡುವಿನಿಂದ ಟ್ರಕ್ಕು ಬಿಟ್ಟು ಬಂದರು. ಮೋಟೆಲಿನ ಕೋಣೆಯಲ್ಲಿ ಮಗಳ ತಲೆಯನ್ನು ಮತ್ತೆ ಮತ್ತೆ ಸವರಿ, ಕೊನೆಗೆ ನನ್ನ ಕಡೆ ತಿರುಗಿ, "ನೀನು ಸರಿಯಾಗಿದೀಯೇನಮ್ಮ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಿನ್ನ ತಪ್ಪಲ್ಲ ಕಣೇ, ಒಳಗಿಡು ಅಂದೋಳು ನಾನು," ಎಂದರು ರತ್ನಕ್ಕ.

"ಬ್ಯಾಟರಿ ನನ್ನದು ರತ್ನಕ್ಕ."

"ಐ ಟರ್ನ್ಡ್ ಇಟ್ ಆನ್," ಎಂದಳು ನಿಧಿ, ಗೋಡೆ ನೋಡುತ್ತ.

ಅವರು ಟ್ರೇಸಿಯಲ್ಲಿದ್ದ ರಾಜಣ್ಣನ ತಂಗಿಯ ಮನೆಗೆ ಹೋದರು, ಗುಡ್ಡಗಳಾಚೆ. ನನಗೆ ಯೂನಿಯನ್ ಸಿಟಿಯಲ್ಲಿ ಒಂದು ರೂಮು ಸಿಕ್ಕಿತು. ಕೋಪವೇನೂ ಇರಲಿಲ್ಲ. ಒಬ್ಬರ ಮುಖ ನೋಡಿದರೆ ಇನ್ನೊಬ್ಬರಿಗೆ ಆ ಬಾಗಿಲ ಸಂದಿನ ಹೊಗೆ ಕಾಣುತ್ತಿತ್ತು, ಅಷ್ಟೇ. ಫೋನು ಮಾಡಬೇಕೆಂದು ಹೆಸರಿನವರೆಗೆ ಬೆರಳು ಒಯ್ದು ಇಟ್ಟುಬಿಡುತ್ತಿದ್ದೆ. ಅವರೂ ಹಾಗೇ ಮಾಡುತ್ತಿದ್ದರಂತೆ. ಏಪ್ರಿಲ್ ಬಂತು, ಹೋಯಿತು. ಬೆಳಿಗ್ಗೆ ಎದ್ದು ನಿಂತುಕೊಂಡೇ ಕಾಫಿ ಕುಡಿಯುವ ಅಭ್ಯಾಸ ಮರಳಿತು.

ಹೊಸ ಬ್ಯಾಟರಿ ಕೊಂಡೆ. ಕೆಲಸಕ್ಕೆ ಹೋಗಲೇಬೇಕಲ್ಲ. ಅದನ್ನು ಈಗ ಮನೆಯೊಳಗೆ ತರುವುದಿಲ್ಲ. ಹಿತ್ತಲಿನಲ್ಲಿ ಒಂದು ಸಿಮೆಂಟಿನ ಕಟ್ಟೆಯಿದೆ. ಶನಿವಾರ ಮಧ್ಯಾಹ್ನ ಬಿಸಿಲಿಗೆ ಅದು ತಕ್ಕಷ್ಟು ಬೆಚ್ಚಗಾದ ಮೇಲೆ ಅಲ್ಲಿ ಚಾರ್ಜಿಗಿಡುತ್ತೇನೆ. ಇಟ್ಟು ಹೋಗಲು ಆಗುವುದಿಲ್ಲ. ಸ್ವೆಟರು ಹಾಕಿಕೊಂಡು, ಸ್ವಲ್ಪ ದೂರದಲ್ಲಿ ಸ್ಟೂಲಿನ ಮೇಲೆ, ಚಾರ್ಜರಿನ ಕೆಂಪು ದೀಪ ನೋಡುತ್ತ ಕೂತಿರುತ್ತೇನೆ. ಅದು ಹಸಿರಾಗಲು ಗಂಟೆಗಟ್ಟಲೆ ಬೇಕು. ಮನೆಯ ಮಾಲೀಕಳಿಗೆ ನಾನೊಬ್ಬಳು ಅರೆಹುಚ್ಚಿ ಎಂಬ ಅನುಮಾನವಿದೆ.

ಕಳೆದ ಚಳಿಗಾಲದಲ್ಲಿ ಹಾಗೆ ಕೂತಿದ್ದಾಗ ರತ್ನಕ್ಕನ ಫೋನು ಬಂತು.

"ಏನ್ ಮಾಡ್ತಿದೀಯೇ?"

"ಬ್ಯಾಟರಿ ಚಾರ್ಜಿಗೆ ಹಾಕಿದೀನಿ ರತ್ನಕ್ಕ. ಪಕ್ಕದಲ್ಲಿ ಕೂತಿದೀನಿ."

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದಾಯಿತು.

"ಒಬ್ಳೇನಾ?"

"ಹೂಂ."

"ಎಷ್ಟೊತ್ತು?"

"ಹಸಿರು ಬರೋವರೆಗೆ."

"ಸರಿ, ಹಸಿರು ಬರೋವರೆಗೆ ನಾನೂ ಕೂತಿರ್ತೀನಿ. ಫೋನ್ ಇಡ್ಬೇಡ."

ಈಗ ಪ್ರತಿ ಶನಿವಾರ ಮಾಡುತ್ತಾರೆ. ನಿಧಿ ಸ್ಯಾನ್ ಡಿಯೇಗೋದಲ್ಲಿ ಓದುತ್ತಿದ್ದಾಳೆ, ಫೋನಿನಲ್ಲಿ ಆಗಾಗ ಕನ್ನಡದಲ್ಲಿ ಒಂದೆರಡು ಮಾತಾಡುತ್ತಾಳಂತೆ. ನಾದಿನಿಯ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಕೇಳಿ ತೆಗೆದುಕೊಳ್ಳಬೇಕು ಎಂದು ರತ್ನಕ್ಕ ಗೊಣಗುತ್ತಾರೆ. ಹಿಟ್ಟು ಮಾರುವುದನ್ನು ಬಿಟ್ಟಿದ್ದಾರೆ. ನಾನು ಸಡಿಲವಾದ ನಟ್ಟುಗಳ, ಸವೆದ ಬ್ರೇಕುಗಳ ಸುದ್ದಿ ಹೇಳುತ್ತೇನೆ. ಆ ದಿನದ ಬಗ್ಗೆ ಇಬ್ಬರೂ ಮಾತಾಡುವುದಿಲ್ಲ. ಮಾತು ಮುಗಿದು ಸುಮ್ಮನಾದರೂ ಫೋನು ಇಡುವುದಿಲ್ಲ. ಅವರು ಸೊಪ್ಪು ಬಿಡಿಸುವ ಸದ್ದು ನನಗೆ ಕೇಳುತ್ತದೆ, ನನ್ನ ಕಡೆಯ ಗಾಳಿ ಅವರಿಗೆ.

"ಹಸಿರು ಬಂತಾ?" ಎಂದು ನಡುನಡುವೆ ಕೇಳುತ್ತಾರೆ.

ಬಿಸಿಲು ಇಳಿದು ಕಟ್ಟೆ ತಣ್ಣಗಾಗತೊಡಗುತ್ತದೆ. ದೀಪ ಹಸಿರಾಗಿರುತ್ತದೆ. ನಾನು ವೈರು ಕಿತ್ತು, ಸುತ್ತಿ, ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿರುತ್ತೇನೆ.

"ಇನ್ನೂ ಇಲ್ಲ ರತ್ನಕ್ಕ," ಎನ್ನುತ್ತೇನೆ.